ದುಂಡಗೆ ಹೊಳೆದ ಕೋಶಗಳು

ನಾಗಪುರ
೧೩ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಗೌತಮೀ,

ಜ್ವರದ ಸುಸ್ತು ಪೂರ್ತಿ ಹೋಯಿತೇ? ಬಿಸಿನೀರು ಕುಡಿಯುತ್ತಿದ್ದೀಯಾ? ನಿನಗೆ ಜ್ವರ ಬಂದಿತ್ತೆಂದು ನನಗೆ ಗೊತ್ತಾದದ್ದೇ ಅದು ಬಿಟ್ಟ ಮೇಲೆ. "ಮೃದುಲಾ ಮ್ಯಾಮ್ ಮನೆಯಿಂದ ಗಂಜಿ ತಂದಿದ್ರು ಅಮ್ಮಾ, ನೀನ್ಯಾಕೆ ಟೆನ್ಶನ್ ತಗೋತೀಯ" ಎಂದೆ ನೀನು. ನಿನ್ನ ಪಿಎಚ್‌ಡಿ ಗೈಡ್ ಇಷ್ಟು ಒಳ್ಳೆಯವರೆಂದು ನಾನು ಸಂತೋಷಪಡಬೇಕು. ಪಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಕನ್ನಡ ಓದುವುದು ನಿನಗೆ ನಿಧಾನ; ಇಂಗ್ಲಿಷ್ ಮೀಡಿಯಮ್ಮಿನ ನನಗೂ ಬರೆಯುವುದು ಸಲೀಸಲ್ಲ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇದೊಂದಾದರೂ ನಿನ್ನ ಮ್ಯಾಮ್‌ಗೆ ಬರುವುದಿಲ್ಲವಲ್ಲ.

ನೀನು ಕಳಿಸಿದ ಫೋಟೋವನ್ನು ಅಪ್ಪ ಬ್ಯಾಂಕಿನಲ್ಲಿ ಎಲ್ಲರಿಗೂ ತೋರಿಸಿದರು. ಜೀವಂತ ಕೋಶದೊಳಗೆ ಪೆರಾಕ್ಸೈಡ್ ಇದ್ದರೆ ಮಾತ್ರ ಹಸಿರಾಗಿ ಹೊಳೆಯುವ ಬಣ್ಣ, ಅದೂ ನೀನೇ ತಯಾರಿಸಿದ್ದು! ಪಕ್ಕದ ಮನೆಯ ಸಾವಿತ್ರಮ್ಮ ಕನ್ನಡಕ ಏರಿಸಿ, "ಏನ್ರೀ ಇದು, ವಟಾಣಿ ಹರವಿದಂಗ ಐತಲ್ಲ!" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಫೋಟೋ ಹಿಗ್ಗಿಸಿ ನೋಡಿದೆ. ಮದುವೆಗೆ ಮುಂಚೆ ಲ್ಯಾಬಿನಲ್ಲಿ ನಾನೂ ಇಂಥ ಕೋಶಗಳನ್ನು ಬೆಳೆಸಿದವಳು. ಚೆನ್ನಾಗಿದ್ದರೆ ಅವು ತಟ್ಟೆಯ ತಳಕ್ಕೆ ಅಂಟಿ ಚಪ್ಪಟೆಯಾಗಿ ಹರಡಿರುತ್ತವೆ. ಸಾಯುವಾಗ ದುಂಡಗಾಗಿ ಮೇಲೇಳುತ್ತವೆ. ನಿನ್ನ ಫೋಟೋದಲ್ಲಿ ಹೆಚ್ಚು ಹೊಳೆಯುತ್ತಿರುವವು ದುಂಡಗಿನವೇ. ಸತ್ತ ಕೋಶ ಪೆರಾಕ್ಸೈಡ್ ಇಲ್ಲದೆಯೂ ಹೊಳೆದೀತು. ಆ ಹೊಳಪನ್ನು ನಂಬುವಂತಿಲ್ಲ.

ಇದು ಕಂಡಾಗ ನಿನ್ನ ಬಗ್ಗೆ ಕಳವಳ ಆಮೇಲೆ ಬಂತು. ಮೊದಲು ಬಂದದ್ದು ಸಂತೋಷ. ಇದೇ ಫೋಟೋ ಒಪ್ಪಿದ ಮೃದುಲಾ ಅದನ್ನು ನೋಡಲಿಲ್ಲ, ನಾನು ನೋಡಿದೆ! ಫೋನಿನಲ್ಲಿ ಹೇಳಿದ್ದರೆ ಆ ಸಂತೋಷ ನನ್ನ ದನಿಯಲ್ಲೇ ನಿನಗೆ ಕೇಳಿಬಿಡುತ್ತಿತ್ತು, ಅದಕ್ಕೇ ಈ ಕಾಗದ. ಅಥವಾ ಅವರದು ತಪ್ಪಾಗಿರಲಿ ಎಂಬ ಆಸೆಗೇ ನನಗೆ ಕೋಶಗಳು ದುಂಡಗೆ ಕಾಣುತ್ತಿವೆಯೋ? ಅದನ್ನೂ ಪರೀಕ್ಷಿಸಬಹುದು. ಸತ್ತ ಕೋಶಕ್ಕೆ ಮಾತ್ರ ಹತ್ತುವ ಕೆಂಪು ಬಣ್ಣವನ್ನೂ ಹಾಕಿ ನೋಡು. ಹಸಿರಿದ್ದಲ್ಲೆಲ್ಲ ಕೆಂಪೂ ಬಂದರೆ ನಾನು ಸರಿ, ಬರದಿದ್ದರೆ ಅವರು. ಮಂಗಳವಾರ ನಿಮ್ಮ ಲ್ಯಾಬಿನ ಸಭೆಯಲ್ಲಿ ಫೋಟೋ ತೋರಿಸುವ ಮೊದಲೇ ಮಾಡು. ಅಲ್ಲಿ ಯಾರಾದರೂ ಇದನ್ನೇ ಕೇಳಿದರೆ ಎದ್ದುನಿಂತು ಉತ್ತರಿಸಬೇಕಾದವಳು ನೀನು.

ಸಾವಿತ್ರಮ್ಮ ಇವತ್ತು ಸಂಜೆಯ ಗಾಡಿಗೆ ನಿಮ್ಮ ಪುಣೆಯಲ್ಲೇ ಇರುವ ಮಗಳ ಮನೆಗೆ ಹೊರಟಿದ್ದಾರೆ. ಅವರ ಕೈಲಿ ಈ ಕಾಗದದ ಜೊತೆ ಇಲ್ಲಿನ ಕಿತ್ತಳೆಹಣ್ಣಿನ ಸಂತ್ರಾ ಬರ್ಫಿ, ಚಕ್ಕುಲಿ ಕಳಿಸಿದ್ದೇನೆ. ಬರ್ಫಿಯನ್ನು ನಿನ್ನ ಮ್ಯಾಮ್‌ಗೂ ಕೊಡು. ಚಕ್ಕುಲಿ ನಾನು ಕರಿದದ್ದು, ಅದು ನಿನಗೆ. ಚಳಿಗೆ ಕಿವಿ ಮುಚ್ಚಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಚೆನ್ನಾಗಿರು ಮಗಳೇ.

ನಿನ್ನ ಅಮ್ಮ,
ಲೀಲಾ

ತಾ.ಕ.: ಸಾವಿತ್ರಮ್ಮ ಬಾಗಿಲಲ್ಲಿ ನಿಂತು "ಆಟೋ ಬಂದೈತ್ರಿ, ಜಲ್ದಿ ಮುಗಸ್ರಿ" ಎನ್ನುತ್ತಿದ್ದಾರೆ. ಕೆಂಪು ಬಂದರೆ, ನೀನೇ ಗಮನಿಸಿದೆ ಎಂದು ಮೃದುಲಾಗೆ ಹೇಳು. ಬರದಿದ್ದರೆ, ಅಮ್ಮ ಸುಮ್ಮನೆ ತಲೆ ತಿಂದಳು ಎಂದು ನನ್ನ ಹೆಸರು ಹೇಳು. ಆದರೆ ಏನೇ ಬರಲಿ, ಮೊದಲ ಫೋನ್ ನನಗೆ. ಆಮೇಲೆ ಅವರಿಗೆ.