ಕೆಮ್ಮಣ್ಣಿನ ಕಾಲು

ಕಡಬ, ೧೮ ಏಪ್ರಿಲ್ ೧೯೫೭, ಪವಿತ್ರ ಗುರುವಾರ

ಇಗರ್ಜಿಯಿಂದ ಬಂದ ಮೇಲೆ ಅಮ್ಮ ಮುಖ ತಿರುಗಿಸಿ ಒಲೆಯ ಮುಂದೆ ಕೂತಳು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪಾದ್ರಿಗಳು ಕಾಲು ತೊಳೆಯುವ ಹನ್ನೆರಡು ಮಂದಿಯಲ್ಲಿ ಈ ವರ್ಷ ನಾನೂ ಒಬ್ಬ. ಉಳಿದವರು ಮನೆಯಲ್ಲೇ ಸಾಬೂನು ಹಾಕಿ ತಿಕ್ಕಿ ಬಂದಿದ್ದರು. ತೊಳೆದ ಕಾಲನ್ನೇ ತೊಳೆಸಿಕೊಳ್ಳುವುದು ನಾಟಕವೆಂದು ನಾನು ತೋಟದ ಅಗೆತದಿಂದ ನೇರ, ಕೆಮ್ಮಣ್ಣಿನ ಕಾಲಲ್ಲೇ ಹೋದೆ. "ಮಾನ ತೆಗಿಬೇಡ ಮಗಾ," ಎಂದು ಅಮ್ಮ ಬೇಡಿಕೊಂಡಿದ್ದಳು.

ಬೋಗುಣಿಯ ನೀರು ಕೆಂಪಾಯಿತು. ಮುದಿ ಪಾದ್ರಿಗಳು ನಕ್ಕು ಪಿಸುಗುಟ್ಟಿದರು: "ಅಬ್ಬ, ನಿನ್ನ ಕಾಲಲ್ಲಿ ನನಗೆ ನಿಜವಾದ ಕೆಲಸ ಉಂಟು ಮಾರಾಯ!" ನಾಚಿಕೆಯಿಂದ ಕಾಲು ಎಳೆದುಕೊಳ್ಳಲು ಹೋದೆ, ಅವರು ಬಿಡದೆ ಬೆರಳ ಸಂದಿಯನ್ನೂ ತೊಳೆದು ಮುತ್ತಿಟ್ಟರು. ಓ ಕರ್ತನೇ, ನಿನ್ನ ಬಗ್ಗೆ ಎಷ್ಟು ಪುಸ್ತಿಕೆ ಓದಿದ್ದೆ! ನಿನ್ನ ಪ್ರೀತಿ ಇಷ್ಟು ಹತ್ತಿರ ಬಗ್ಗುತ್ತದೆಂದು ತಿಳಿದಿರಲಿಲ್ಲ.

ಈಗಷ್ಟೇ ಬಿಸಿನೀರು ತಂದು ಅಮ್ಮನ ಕಾಲು ತೊಳೆದೆ. "ಎಂತ ಹುಚ್ಚು ನಿಂಗೆ!" ಎಂದು ಬಯ್ಯುತ್ತಲೇ ಇನ್ನೊಂದು ಕಾಲನ್ನೂ ಚಾಚಿದಳು.