“ಐ ಕಮಿಂಗ್” ಅಂದ ತಪ್ಪಿಗೆ

೫ ಆಗಸ್ಟ್ ೧೯೭೪, ಸೋಮವಾರ
ದಹಿಸರದಿಂದ ೬-೪೦ರ ಲೋಕಲ್. ನಿಂತೇ ಬಂದೆ. ಗೋರೆಗಾಂವ್ ಕಾರ್ಖಾನೆಯ ಗೇಟು ದಾಟಿರಲಿಲ್ಲ, ಟೈಪಿಸ್ಟ್ ವಿನೋದಿನಿಬಾಯಿ ಕರೆದರು. ಟಾಂಜಾನಿಯಾದಿಂದ ಪತ್ರ. ಜೂನ್‌ನಲ್ಲಿ ಅಲ್ಲಿಯ ಮಿಲ್ಲಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ನಮ್ಮ ಮಷೀನು ಕೂಡಿಸಿ ಬಂದವನು ನಾನೇ.
ಬಾಯಿ ಓದಿ ಹೇಳಿದರು. ಮಷೀನು ಸದ್ದು ಮಾಡುತ್ತಿದೆ. ಕೂಡಿಸಿದವನು ಬರುತ್ತೇನೆ ಎಂದು ಹೇಳಿ ಹೋಗಿದ್ದಾನೆ, ಅವನೇ ಬಂದು ಬಿಚ್ಚಲಿ ಎಂದು ಅವರ ಫೋರ್‌ಮನ್ ಹಮೀಸಿ ಮೂರು ವಾರದಿಂದ ನಿಲ್ಲಿಸಿಟ್ಟಿದ್ದಾನೆ. ನಿಮ್ಮ ಮನುಷ್ಯ ಹಾಗೆ ಹೇಳಿದ್ದು ಹೌದೋ, ಅಲ್ಲವೋ? ಅಲ್ಲವಾದರೆ ಹಮೀಸಿಯನ್ನು ತೆಗೆದುಹಾಕುತ್ತೇವೆ.
ಹೇಳಿದ್ದು ಹೌದು. ದೇವರೇ.

೬ ಆಗಸ್ಟ್
ಬರೀ ಅಲ್ಲಿಂದ ಹೊರಟ ದಿನದ್ದೇ ನೆನಪು — ಮಿಲ್ಲಿನ ಗೇಟು, ಕೆಂಪು ಮಣ್ಣು, ಸಮುದ್ರದಂಥ ಆ ಕೆರೆ. ಹಮೀಸಿ ಹಿಡಿದ ಕೈ ಬಿಡಲೇ ಇಲ್ಲ. ಅವರಲ್ಲಿ ಬೀಳ್ಕೊಡುವುದು ಹಾಗೆಯೇ. ನನ್ನ ಕಣ್ಣು ತುಂಬಿತು. “ಐ ಕಮಿಂಗ್” ಅಂದೆ.
ಮತ್ತೇನು ಅನ್ನಲಿ? ಸಿಂದಗಿಯಲ್ಲಿ ಸಣ್ಣವನಿದ್ದಾಗ “ಸಾಲಿಗೆ ಹೋಗ್ತೀನಿ” ಅಂದದ್ದಕ್ಕೆ ಅವ್ವ ಬಾಯಿಯ ಮೇಲೆ ಕೊಟ್ಟಿದ್ದಳು. “ಹೋಗೂದು ಅಂದ್ರ ಸತ್ತವರು ಹೋಗೂದು! ಬರ್ತೀನಿ ಅನ್ನೋ ಮಂಗ್ಯಾ!” ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟೆ. ಉಳಿದದ್ದು ಅದೊಂದೇ ಪಾಠ.
ನಾನು ಮಾಂಸ ತಿನ್ನುವುದಿಲ್ಲವೆಂದು ಹಮೀಸಿಯ ಹೆಂಡತಿ ದಿನಾ ಬೇರೆ ಪಾತ್ರೆಯಲ್ಲಿ ಕಾಳು ಬೇಯಿಸಿ ಕಳಿಸುತ್ತಿದ್ದಳು. ತೆಂಗಿನ ಹಾಲು ಹಾಕಿ…

೮ ಆಗಸ್ಟ್
ಮ್ಯಾನೇಜರ್ ಪೇಡ್ಣೇಕರ್ ಸಾಹೇಬರು ಕಾಗದ ಮುಂದಿಟ್ಟರು. ‘ನಾನು ಹಾಗೆ ಹೇಳಿಲ್ಲ’ ಎಂದು ಇಂಗ್ಲಿಷಿನಲ್ಲಿ. “ಸಹೀ ಕರ್, ಬಾತ್ ಖತಮ್.” ಕರಾರಿನಲ್ಲಿ ಒಂದೇ ವಿಜಿಟ್, ಒಪ್ಪಿಕೊಂಡರೆ ಕಂಪನಿ ಪುಕ್ಕಟೆ ಇನ್ನೊಮ್ಮೆ ಕಳಿಸಬೇಕಂತೆ. ನಾಳೆ ಕೊಡುತ್ತೇನೆಂದು ಮನೆಗೆ ತಂದೆ.
ಹೆಂಡತಿ ಅಂಬವ್ವ ಅಕ್ಕಿ ಆರಿಸುತ್ತಿದ್ದಳು. “ಅಲ್ರೀ, ನೀವು ಅಂದಿದ್ದು ಖರೇ ಐತಿಲ್ಲ?”
“ಐತಿ.”
“ಹಮೀಸಿ ಹೇಣ್ತಿ ಬೇಯಿಸಿದ ಕಾಳು ಉಂಡಿದ್ದೂ ಖರೇ ಐತಿಲ್ಲ?”
“ನಿನಗೇನು! ನನ್ನ ಫಾರಿನ್ ಕೆಲಸ ಹೋಗತೈತಿ.”
“ಹೋಗ್ಲಿ ಬಿಡ್ರಿ. ವಿಮಾನ ಹತ್ತೂ ಮೊದಲ ಎಂಟು ದಿನ ಹೊಟ್ಟಿ ಕೆಡಿಸ್ಕೊಂಡು ಕುಂತವರು ನೀವಽ.”

೯ ಆಗಸ್ಟ್
ಸಹಿ ಹಾಕಲಿಲ್ಲ. “ಹಮ್ ಲೋಗ್ ಜಾತೇ ವಕ್ತ್ ಐಸಾಯೀಚ್ ಬೋಲ್ತೇ, ಸಾಬ್” ಅಂದೆ — ಹೊರಡುವಾಗ ನಾವು ಅನ್ನುವುದೇ ಹಾಗೆ.
“ಮಾಲೂಮ್ ಹೈ!” ಸಾಹೇಬರು ಮೇಜು ಗುದ್ದಿದರು. “ಮೈ ಭೀ ಘರ್ ಸೇ ‘ಯೇತೋ’ ಬೋಲ್ ಕೇ ನಿಕಲ್ತಾ ಹೂಂ!” ಮರಾಠಿಯ ಯೇತೋ ಅಂದರೂ ಬರ್ತೀನಿ ಅಂತಲೇ.
“ತೋ ವಹೀ ಲಿಖೋ ನಾ, ಸಾಬ್.”
ಸಾಹೇಬರು ಕಾಗದ ಹಿಂದಕ್ಕೆ ತೆಗೆದುಕೊಂಡು ವಿನೋದಿನಿಬಾಯಿಗೆ ತಾವೇ ಹೇಳಿ ಟೈಪ್ ಮಾಡಿಸಿದರು — ಹೇಳಿದ್ದು ನಿಜ, ನಮ್ಮಲ್ಲಿ ಅದು ಹೊರಡುವವರ ಮಾತು, ಹಮೀಸಿ ಸುಳ್ಳನಲ್ಲ. ಕನ್ನಡದಲ್ಲೇ ಸಹಿ ಹಾಕಿದೆ. ಹೆಸರಿನ ಒತ್ತಕ್ಷರ ಎರಡು ಸಲ ತಿದ್ದಿದೆ.
“ಅಬ್ ತೇರಾ ಫಾರಿನ್ ಬಂದ್, ಶೆಟ್ಟೆಪ್ಪ. ಲೇಥ್ ಪೇ ಜಾ.”

೧೬ ಸೆಪ್ಟೆಂಬರ್
ಉತ್ತರ ಬಂತು. ಹಮೀಸಿಯ ಕೆಲಸ ಉಳಿಯಿತು! ಎರಡು ಸಲ ಓದಿಸಿಕೊಂಡೆ. ಎರಡನೆಯ ವಿಜಿಟ್‌ನ ಖರ್ಚು ಅವರೇ ಕೊಡುತ್ತಾರೆ. ಈ ಸಲ ನಮ್ಮ ಕಾರ್ಖಾನೆಯ ಇನ್ನೊಬ್ಬ ಫಿಟ್ಟರ್, ಬೆಳಗಾವಿಯ ಹಣಮಂತ ಹೋಗುತ್ತಾನೆ.
ಕ್ಯಾಂಟೀನಿನಲ್ಲಿ ಹಣಮಂತ ಪಕ್ಕಕ್ಕೆ ಬಂದು ಕುಳಿತ. “ಶೆಟ್ಟೆಪ್ಪಣ್ಣ, ಖರೇ ಹೇಳು. ಅಲ್ಲಿಂದ ಹೊರಡೂ ಮುಂದ ಏನಂತ ಅನ್ಲಿ?”
ವಿಮಾನ ಹತ್ತುವವನಿಗೆ ಹೋಗ್ತೀನಿ ಅನ್ನು ಎಂದು ಹೇಗೆ ಹೇಳಲಿ? ಅವನ ಹೆಂಡತಿ ಬೇರೆ ಬಾಣಂತಿ. “ಏನೂ ಅನಬ್ಯಾಡೋ. ಹಮೀಸಿ ಕೈ ಹಿಡೀತಾನ. ಅವಸರ ಮಾಡಬ್ಯಾಡ, ಅವನಾಗಿ ಬಿಡೂತನಕ ನೀನೂ ಬಿಡಬ್ಯಾಡ.”