ಸಬೀನಾಳ ಹಸಿರು ಚುಕ್ಕೆಗಳು

ಜುಲೈ 11, ಬುಧವಾರ

ಏಳು ಹಾಸಿಗೆಯ ಬಟ್ಟೆ ಒಗೆದು ಹಾಕಿದ್ದಾಯಿತು. ಹಾಲೆಂಡಿನ ಕಾಲೇಜು ಹುಡುಗರು ಸೇವೆಗೆಂದು ಬಂದು ನಾಲ್ಕು ದಿನ. ಅವರು ಹನ್ನೊಂದು ಜನ, ನಮ್ಮ ಅನಾಥಾಲಯದಲ್ಲಿ ಈಗಿರುವ ಮಕ್ಕಳು ಏಳೇ. ಬೇಸಿಗೆಯಲ್ಲಿ ಉಳಿದವರೆಲ್ಲ ನೆಂಟರ ಮನೆಗೆ ಹೋಗಿರುತ್ತಾರೆ. ಗೊತ್ತಿದ್ದೂ ಬೇಸಿಗೆಯಲ್ಲೇ ಕರೆಸುತ್ತಾರೆ, ಇನ್ಯಾವಾಗ ಅವರಿಗೆ ರಜೆ? ಕೆಲಸ ಸಾಲದೆ, ಹೋದ ವರ್ಷದ ಗುಂಪು ಬಳಿದ ಬೇಲಿಗೇ ಮತ್ತೆ ಬಣ್ಣ ಬಳಿಯುತ್ತಿದ್ದಾರೆ. ಬಳಿಯಲಿ. ಮಧ್ಯಾಹ್ನ ಹದಿನೆಂಟು ಜನಕ್ಕೆ ಮೆಕ್ಕೆಜೋಳದ ಮುದ್ದೆ ತಿರುವಿ ನನ್ನ ರಟ್ಟೆ ಬಿದ್ದುಹೋಯಿತು.

ಸಬೀನಾ ನೆಲದ ಮೇಲೆ ನಿಲ್ಲುತ್ತಿಲ್ಲ. ಶನಿವಾರ ಅವಳ ಚಿಕ್ಕಮ್ಮ ತುದೋರಾ ಇಟಲಿಯಿಂದ ಬಂದು ಕರೆದುಕೊಂಡು ಹೋಗುತ್ತಾಳೆ. ಆ ಕಾಗದಪತ್ರಕ್ಕೆ ಎರಡು ವರ್ಷ ರಾಜಧಾನಿ ಕಿಶಿನೌಗೆ ಅಲೆದಳು ಪಾಪ.

"ಲಿದಿಯತ್ತೆ, ಅಲ್ಲಿ ನಂಗೇ ಅಂತ ಒಂದು ಮಂಚ ಇದೆಯಂತೆ! ಕಿಟಕಿ ಪಕ್ಕ!"

ಎರಡು ವರ್ಷದ ಕೂಸಿದ್ದಾಗ ಬಂದವಳು, ಈಗ ಏಳು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಜುಲೈ 12

ಡೈರೆಕ್ಟರ್ ವಲೇರಿಯು ಕರೆದರು. ಬಾಗಿಲು ಹಾಕಿಸಿದರು. ಆಗಲೇ ಅಂದುಕೊಂಡೆ, ಏನೋ ಇದೆ.

"ಲಿದಿಯಾ, ಬರೋ ಬುಧವಾರ ನಮಗೆ ದುಡ್ಡು ಕೊಡೋ ಸಂಸ್ಥೆಯ ದೊಡ್ಡೋರು ಬರ್ತಿದಾರೆ. ಅವತ್ತು ಎಣಿಸಿದಾಗ ಇಲ್ಲಿ ಏಳಕ್ಕಿಂತ ಒಂದು ಮಗು ಕಮ್ಮಿ ಆದ್ರೂ ಈ ಮನೆ ಮುಚ್ತಾರಂತೆ. ಸಬೀನಾ ಹೋಗೋ ಹಾಗಿಲ್ಲ."

"ಶನಿವಾರ ಅವಳ ಚಿಕ್ಕಮ್ಮ ಬರ್ತಾಳಲ್ಲ ಸಾರ್?"

"ಬರ್ಲಿ. ಮಗೂಗೆ ಸೀತಾಳೆ ಸಿಡುಬು ಅನ್ನಿ. ಇನ್ನೊಂದ್ಸಲ ಬಂದು ಕರ್ಕೊಂಡು ಹೋಗ್ತಾಳೆ. ಮಗು ಎಲ್ಲಿಗೆ ಓಡಿಹೋಗತ್ತೆ?"

"ಅವಳೇನು ಪೆದ್ದೀನಾ? ನಂಬಲ್ಲ."

"ಹಸಿರು ಮದ್ದು ಇಲ್ವೇನ್ರೀ ಮನೇಲಿ?"

ಇದೆ. ಇಲ್ಲದೆ ಏನು? ಸೀತಾಳೆ ಎದ್ದ ಮಕ್ಕಳಿಗೆಲ್ಲ ಗುಳ್ಳೆ ಗುಳ್ಳೆಗೂ ಹಚ್ಚುತ್ತೇವೆ. ನನಗೂ ನಮ್ಮಮ್ಮ ಹಚ್ಚಿದ್ದಳು. ಆ ಹಸಿರು ಕಂಡರೆ ಈ ದೇಶದಲ್ಲಿ ಯಾರೂ ಹತ್ತಿರ ಸುಳಿಯುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ.

ಆಗಲ್ಲ ಅನ್ನಬೇಕಿತ್ತು. "ನೋಡ್ತೀನಿ ಸಾರ್" ಅಂದೆ.

ಜುಲೈ 14, ಬೆಳಗ್ಗೆ 11

ಹಚ್ಚಿದೆ. ಹತ್ತಿ ಸುತ್ತಿದ ಕಡ್ಡಿ ಅದ್ದಿ ಅದ್ದಿ... ಕೆನ್ನೆ, ಹಣೆ, ಕತ್ತು, ಕೈ. ಒಂದು ಗುಳ್ಳೆ ಇಲ್ಲದ ಚರ್ಮ.

"ಕಚಗುಳಿ ಆಗತ್ತೆ ಅತ್ತೆ!" ನಕ್ಕಳು. ಆಮೇಲೆ, "ನಂಗೇನಾಗಿದೆ?"

"ಸ್ವಲ್ಪ ಹುಷಾರಿಲ್ಲ."

"ಏನೂ ಆಗ್ತಿಲ್ವಲ್ಲ..."

"ಸುಮ್ನೆ ಕೂತ್ಕೋ!" ಅಂತ ಗದರಿಬಿಟ್ಟೆ.

ಅಷ್ಟರಲ್ಲಿ ಫೆಮ್ಕೆ ಬಂದಳು, ಹಾಲೆಂಡಿನವಳು, ಸಬೀನಾಳನ್ನು ಸೊಂಟದಿಂದ ಇಳಿಸದವಳು. ಅವರ ಕಡೆ ಈ ಮದ್ದೇ ಇಲ್ಲವಂತೆ. ಏನೋ ಹಬ್ಬದ ಆಟ ಅಂದುಕೊಂಡು ನನ್ನ ಮುಂದೆ ಮುಖ ಚಾಚಿದಳು. ಅವಳ ಹಿಂದೆ ಉಳಿದವರ ಸಾಲು. ನಾನೇನು ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ? ಹನ್ನೊಂದು ಮುಖಕ್ಕೂ ಚುಕ್ಕೆ ಇಟ್ಟೆ. ಫೋಟೋ ತೆಗೆದುಕೊಂಡರು.

ಅದೇ ದಿನ, ಸಂಜೆ 5

ತುದೋರಾ ಬಂದಳು. ಹೊಸ ಚಪ್ಪಲಿಯ ಡಬ್ಬಿ ಕಂಕುಳಲ್ಲಿ. ಗೇಟಿಗೆ ಬೀಗ. ಸರಳಿನಾಚೆಯಿಂದ ಇಣುಕಿ ಹೌಹಾರಿದಳು.

"ಅಯ್ಯೋ ದೇವರೇ... ಪರದೇಶದೋರಿಗೂ ಅಂಟಿದೆಯಲ್ಲ ಲಿದಿಯಕ್ಕ!"

ಹೌದು ಅಂತ ತಲೆ ಆಡಿಸಿದೆ.

"ನಾಳೆ ನನ್ನ ವ್ಯಾನು. ಡ್ರೈವರ್ ಹತ್ತಿಸಿಕೊಳ್ಳಲ್ಲ. ಹತ್ತಿಸಿಕೊಂಡ್ರೂ, ನಾನು ನೋಡ್ಕೊಳ್ತಿರೋ ಅಜ್ಜಿಗೆ ತೊಂಬತ್ತು. ಅವರಿಗೆ ಅಂಟಿದ್ರೆ?" ಸರಳು ಹಿಡಿದುಕೊಂಡಳು. "ಮಗೂ ವೀಸಾ ಈ ತಿಂಗಳಿಗೆ ಮುಗಿಯತ್ತೆ ಅಕ್ಕ. ಇನ್ನೊಂದ್ಸಲ ರಜ ಕೊಡ್ತಾರೋ ಇಲ್ವೋ..."

ವೀಸಾ ಮಾತು ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ಸಬೀನಾಳನ್ನು ಫೆಮ್ಕೆ ಹಿಡಿದುಕೊಂಡಿದ್ದಳು, ನಾನೇ ಸನ್ನೆ ಮಾಡಿದ್ದೆ.

"ಚಿಕ್ಕಮ್ಮಾ! ನಂಗೆ ನೋಯ್ತಿಲ್ಲ! ನಿಜವಾಗ್ಲೂ!"

"ಗೊತ್ತು ಕಂದ. ನೀನು ಗಟ್ಟಿಗಿತ್ತಿ."

ಡಬ್ಬಿಯನ್ನು ಬೇಲಿಯ ಮೇಲಿಂದ ಕೊಟ್ಟು ಹೋದಳು. ಬಸ್ ಸ್ಟಾಪಿನವರೆಗೂ ತಿರುಗಿ ತಿರುಗಿ ನೋಡುತ್ತಿದ್ದಳು.

ಇಲ್ಲಿ ಸುಳ್ಳು ಬರೆಯಲಾರೆ. ಕೆಲಸ ಹೋಗುತ್ತದೆಂಬ ಹೆದರಿಕೆ ಒಂದೇ ಅಲ್ಲ. ಅವಳು ಉಳಿಯಲಿ ಅಂತ ನನಗೇ ಆಸೆಯಿತ್ತು.

ಜುಲೈ 18

ದೊಡ್ಡವರು ಬಂದರು. ಮಕ್ಕಳ ತಲೆ ಸವರಿ ಎಣಿಸಿದರು. ಏಳು. ಹೋದರು.

ಜುಲೈ 19

ಹುಡುಗರೂ ಹೊರಟರು. ಫೆಮ್ಕೆ ಬಿಕ್ಕಿ ಬಿಕ್ಕಿ ಅತ್ತಳು. ಮುಂದಿನ ವರ್ಷ ನಿನ್ನನ್ನು ನೋಡಲು ಬಂದೇ ಬರುತ್ತೇನೆ ಅಂತ ಫೋನಿನಲ್ಲಿ ನಮ್ಮ ಭಾಷೆಗೆ ತಿರುಗಿಸಿ ತೋರಿಸಿದಳು.

"ಆಗ ನಾನಿಲ್ಲಿರಲ್ಲ ಅಕ್ಕ," ಅಂದಳು ಸಬೀನಾ, ಸಮಾಧಾನ ಮಾಡುವವಳಂತೆ.

ಜುಲೈ 20

ಆ ಹಸಿರು ಬೇಗ ಹೋಗುವುದಲ್ಲ. ಸಬೀನಾ ಬಚ್ಚಲಲ್ಲಿ ಸಿಕ್ಕಳು. ಪಾತ್ರೆ ಉಜ್ಜುವ ನಾರು ಕೈಯಲ್ಲಿ. ಎಡಗೆನ್ನೆ ಪೂರಾ ರಕ್ತ.

"ಇದು ಹೋದ್ರೆ ಚಿಕ್ಕಮ್ಮ ಬರ್ತಾಳಲ್ವಾ ಅತ್ತೆ?"

ಜುಲೈ 24

ತುದೋರಾಗೆ ಹೇಳಿಬಿಡೋಣ ಅಂತ ಫೋನ್ ತೆಗೆದೆ. ಇಟ್ಟೆ.

ಜುಲೈ 30

ಇವತ್ತು ಮಾಡಲೇಬೇಕು. ವೀಸಾ ಮುಗಿಯಲು ಇನ್ನೊಂದೇ ದಿನ... ಮಾಡಲಿಲ್ಲ.

ಆಗಸ್ಟ್ 2, ಬೆಳಗ್ಗೆ 9

ಮಾಡಿದೆ. ಎಲ್ಲ ಹೇಳಿದೆ. ಸೀತಾಳೆ ಇರಲಿಲ್ಲ ತುದೋರಾ, ನಾನೇ ಬಳಿದೆ, ಈ ಕೈಯಿಂದಲೇ.

ಉಗಿಯಲಿ, ಶಾಪ ಹಾಕಲಿ ಅಂತ ಕಾದೆ.

"ವೀಸಾ ಮುಗೀತು ಅಕ್ಕ," ಅಂದಳು. "ಮತ್ತೆ ಮೊದಲಿಂದ. ಇನ್ನೆರಡು ವರ್ಷ."

"ನನ್ನನ್ನ ಬಯ್ಯಿ ತಾಯಿ..."

"ಅವಳಿಗೆ ಮಾತ್ರ ಇದನ್ನ ಹೇಳ್ಬೇಡಿ. ಅಲ್ಲಿ ನಿಮ್ಮನ್ನ ಬಿಟ್ರೆ ಅವಳಿಗೆ ಇನ್ಯಾರಿದಾರೆ?"

ಇಟ್ಟುಬಿಟ್ಟಳು. ತಿರುಗಿದೆ. ಸಬೀನಾ ಬಾಗಿಲಲ್ಲಿ ನಿಂತಿದ್ದಳು, ಕೆನ್ನೆಯ ಹಕ್ಕಳೆ ಕೆರೆದುಕೊಳ್ಳುತ್ತ.

"ಚಿಕ್ಕಮ್ಮನಾ? ಯಾವತ್ತು ಬರ್ತಾಳಂತೆ ಅತ್ತೆ?"

ಪಕ್ಕಕ್ಕೆ ಕರೆದು ಕೂರಿಸಿಕೊಂಡೆ. ನಾನು ಅವಳಿಗೆ ಹಸಿರು ಮದ್ದಿನ ಮಾತೆತ್ತದೆ, "ಕಾಗದಪತ್ರ ಮತ್ತೆ ಮಾಡಿಸಬೇಕಂತೆ ಕಂದ, ಇನ್ನೆರಡು ವರ್ಷ," ಅಂತಷ್ಟೇ ಹೇಳಿದೆ.